ಹನ್ನೊಂದು ಇಂಚು

ಕಂಟೇನರಿನ ಬೀಗದಕೈ ನನ್ನ ಕೊರಳಲ್ಲಿರುತ್ತದೆ,
ಕೋಟಿನೊಳಗೆ, ಎದೆಗೆ ತಾಗಿ.
ಹೊರಗಿಟ್ಟರೆ ಬೆರಳಿನ ಚರ್ಮ ಕಿತ್ತುಕೊಳ್ಳುತ್ತದೆ;
ಜನವರಿಯ ಕಬ್ಬಿಣಕ್ಕೆ ದಾಕ್ಷಿಣ್ಯವಿಲ್ಲ.

ಒಳಗೆ ಇಪ್ಪತ್ತಮೂರು ಸೈಕಲ್ಲು.
ಹೋದ ಮಾರ್ಚಿನಲ್ಲಿ ಮಂಜುಗಡ್ಡೆಯ ದಾರಿ ಹಿಡಿದು
ಲಾರಿಯಲ್ಲಿ ಬಂದವು,
ಡೀಸೆಲ್ ಪೀಪಾಯಿಗಳ ಸಂದಿಯಲ್ಲಿ ಕತ್ತು ತಿರುಚಿಕೊಂಡು.
ಮೇ ಮುಗಿಯುವ ತನಕ ನೆಲವೇ ಕಾಣಲಿಲ್ಲ.
ಮಕ್ಕಳು ಶಾಲೆಯ ಜಿಮ್ಮಿನಲ್ಲೇ ಸುತ್ತಿದರು,
ಬ್ಯಾಸ್ಕೆಟ್‌ಬಾಲ್ ಗೆರೆಯ ಮೇಲೆ, ಬರೀ ಎಡಕ್ಕೆ.
ಬಲಕ್ಕೆ ತಿರುಗಲು ಆಗಿನ್ನೂ ಯಾರಿಗೂ ಬರುತ್ತಿರಲಿಲ್ಲ.

ಊರಿನ ರಸ್ತೆ ಒಟ್ಟು ನಾಲ್ಕು ಕಿಲೋಮೀಟರು.
ಈ ತುದಿಗೆ ವಿಮಾನ ಇಳಿಯುವ ಜಲ್ಲಿಪಟ್ಟಿ,
ಆ ತುದಿಗೆ ಕಸದ ಗುಂಡಿ. ಅಲ್ಲಿ ಕರಡಿ.
ನಕ್ಷೆ ಬರೆದವರು ಇದನ್ನು ರಸ್ತೆಯೆಂದು ಒಪ್ಪಲಿಲ್ಲ,
ನಮ್ಮನ್ನೊಂದು ಚುಕ್ಕೆ ಮಾಡಿ ಮುಂದೆ ಹೋದರು.
ಆ ಚುಕ್ಕೆಯೊಳಗೆ ಇಡೀ ಬೇಸಿಗೆ
ಇಪ್ಪತ್ತಮೂರು ಸೈಕಲ್ಲು,
ಹಿಂದೆ ಅದಕ್ಕಿಂತ ಹೆಚ್ಚು ನಾಯಿ.

ಟೇಷಾಗೆ ಹದಿನಾಲ್ಕು.
ಲೆಕ್ಕದಲ್ಲಿ ಫೇಲು,
ಕತ್ತಲಲ್ಲಿ ಬೆರಳಾಡಿಸಿ ಗೇರಿನ ಹಲ್ಲು ಎಣಿಸಬಲ್ಲಳು.
ಹರಿದ ಟೈರನ್ನು ಮೂಸ್ ನರದ ದಾರದಿಂದ ಹೊಲಿದವಳು.
ಅವಳ ಕೂಕುಮ್, ದಾರ ಕೊಟ್ಟ ಅಜ್ಜಿ, ತಿರುಗಿಸಿ ನೋಡಿ
ಹೇಳಿದ್ದು ಇಷ್ಟೇ:
'ಹೊಲಿಗೆ ದೂರ ದೂರ ಬಿದ್ದಿದೆ.'

ಏಳು ವರ್ಷದವಳಿದ್ದಾಗ ಆ ಕೂಕುಮ್‌ಳನ್ನು
ಇದೇ ದಡದಿಂದ ವಿಮಾನ ಎತ್ತಿಕೊಂಡು ಹೋಯಿತು, ಶಾಲೆಗೆ.
ಅವಳದನ್ನು ಶಾಲೆ ಎನ್ನುವುದಿಲ್ಲ. ಏನೂ ಎನ್ನುವುದಿಲ್ಲ.
ಮಕ್ಕಳು ಊರು ಬಿಡುವುದೆಂದರೆ ಅವಳ ಕಿವಿಗೆ
ಇವತ್ತಿಗೂ ಇಂಜಿನ್ನಿನ ಸದ್ದು.

ಈ ವರ್ಷ ಕೆರೆ ತಡವಾಗಿ ಹೆಪ್ಪುಗಟ್ಟಿತು.
(ನಾವು ಕೆರೆ ಎನ್ನುತ್ತೇವೆ. ಆಚೆ ದಡ ಕಾಣುವುದಿಲ್ಲ.)
ಲಾರಿ ಬರಲಿಲ್ಲ.
ವಿಮಾನಕ್ಕೆ ಹಾಕಿದ ಟ್ಯೂಬಿನ ಪೆಟ್ಟಿಗೆ
ಹತ್ತೊಂಬತ್ತು ಕಿಲೋಮೀಟರ್ ಆಚೆಯ ಊರಲ್ಲಿ ಇಳಿದುಬಿಟ್ಟಿತು.
ಓದಿದವನಿಗೆ ಎರಡೂ ಅದೇ ಚುಕ್ಕೆ.

ಸೈಲಸ್ ಮುದುಕ ಬೈರಿಗೆ ಹೊತ್ತು ನಡೆದ.
ತೂತು ಕೊರೆದ, ಕೋಲು ಇಳಿಸಿ ಅಳೆದ,
ನೂರು ಹೆಜ್ಜೆಗೊಂದು ಸ್ಪ್ರೂಸ್ ಕೊಂಬೆ ನೆಟ್ಟ.
ನಾಲ್ಕನೇ ದಿನ ಬಂದು ನನ್ನ ಚಹಾ ಕುಡಿದ.
'ಹನ್ನೊಂದು ಇಂಚು.'
ಲಾರಿಗೆ?
'ಮುಳುಗುತ್ತದೆ.'
ಮಕ್ಕಳಿಗೆ?
ಲೋಟ ಕೆಳಗಿಟ್ಟ. 'ಮಕ್ಕಳಿಗೆ ಅದು ಹೆದ್ದಾರಿ.'

ಐದು ಜನ ಹೊರಟರು.
ನಾನು ಬೀಗದಕೈ ಮುಷ್ಟಿಯಲ್ಲಿ ಹಿಡಿದು ನಿಂತೆ,
ಅದರಿಂದೇನೋ ಆಗುತ್ತದೆ ಎನ್ನುವಂತೆ.
ಕೂಕುಮ್ ಟೋಪಿ ಸರಿಸಿ ಕಿವಿ ಹೊರಗಿಟ್ಟಳು.
ಚೈನು ಒಮ್ಮೆ ಕಟಕಟ ಎಂದಿತು,
ಟೈರಿನಡಿ ಹಿಮ ಕಿರುಗುಟ್ಟಿತು,
ಆಮೇಲೆ ಅದೂ ಇಲ್ಲ.
'ಹೋದರಾ?' ಕೇಳಿದಳು.
ಹೋದರು ಎಂದೆ.
'ಇಷ್ಟು ಮೆಲ್ಲಗೆ?'

ಕತ್ತಲಾಗುವ ಮೊದಲು ಬಿಳಿಯಲ್ಲಿ ಕಪ್ಪು ಕಾಳು.
ನಾಲ್ಕು ಎಣಿಸಿ ನನ್ನ ಜೀವ ಬಾಯಿಗೆ ಬಂತು.
ಆರು ಎಣಿಸಿ ಗೊಂದಲವಾಯಿತು.
ಆರನೆಯವನು ಆಚೆ ಊರಿನ ಹುಡುಗ,
ಪೆಟ್ಟಿಗೆ ಕಟ್ಟಿಕೊಂಡು ಬಂದವನು.
ಅವನಿಗೆ ಒಂದೇ ಪೆಡಲು; ಇನ್ನೊಂದು ಕಡೆ ಬರೀ ಕಡ್ಡಿ.
ಟೇಷಾ ಕೈಗವಸು ಹಲ್ಲಿನಲ್ಲಿ ಎಳೆದು ತೆಗೆದು
ನನ್ನತ್ತ ಕೈ ಚಾಚಿದಳು, ಮಾತಿಲ್ಲದೆ:
ಬೀಗದಕೈ.

ಥಂಡರ್ ಬೇ ಆಫೀಸಿನಿಂದ ಫಾರಂ ಬಂದಿದೆ.
ಎಷ್ಟು ಯುವಜನರಿಗೆ ಪ್ರಯೋಜನವಾಯಿತು? ಬರೆದೆ.
ಎಷ್ಟು ಹೆಲ್ಮೆಟ್? ಬರೆದೆ.
ಫಲಿತಾಂಶ ಎಂಬಲ್ಲಿ ಅರ್ಧ ಗೆರೆ ಜಾಗ.
ದಡದ ಹತ್ತಿರ ಕಾಲ್ಟನ್, ನಮ್ಮಲ್ಲೆಲ್ಲ ಚಿಕ್ಕವನು,
ಕೊನೆಯ ಕೊಂಬೆಯನ್ನು ಬಳಸಿ
ಬಲಕ್ಕೆ ತಿರುಗಿದ.
ಅದು ಅರ್ಧ ಗೆರೆಯಲ್ಲಿ ಹಿಡಿಸುತ್ತದೆ.
ಬರೆಯಲೋ ಬೇಡವೋ ಎಂದು ಪೆನ್ನು ಒಲೆಯ ಬಳಿ ಹಿಡಿದಿದ್ದೇನೆ,
ಶಾಯಿ ಕರಗಬೇಕು ಮೊದಲು.